ಇಕ್ಸಿಯಲ್ಲಿ ಒಂಬತ್ತಕ್ಕೆ ಒಂಬತ್ತೂ ಫಲಿಸಲಿಲ್ಲ. ಮುಂದಿನ ಸಲ ಕ್ಯಾಲ್ಸಿಯಂ ಹಾಕೋಣ ಅಂದರು. ಇದು ಯಾವ ಕ್ಯಾಲ್ಸಿಯಂ?

ಚನ್ನಗಿರಿ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಚನ್ನಗಿರಿ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್. ವಯಸ್ಸು 33. ಮದುವೆಯಾಗಿ ಎಂಟು ವರ್ಷ ಆಯಿತು, ಮಕ್ಕಳಾಗಿಲ್ಲ. ಹೋದ ತಿಂಗಳು ಮೊದಲನೇ ಸಲ ಇಕ್ಸಿ, ಅಂದರೆ ಲ್ಯಾಬ್‌ನಲ್ಲಿ ಅಂಡಾಣುವಿಗೆ ವೀರ್ಯಾಣು ಚುಚ್ಚುವ ಚಿಕಿತ್ಸೆ, ಮಾಡಿಸಿದೆವು. ಹನ್ನೊಂದು ದಿನ ಹೊಟ್ಟೆಗೆ ಇಂಜೆಕ್ಷನ್. 12 ಅಂಡಾಣು ಸಿಕ್ಕಿದವು, ಅದರಲ್ಲಿ 9 ಬಲಿತಿವೆ ಅಂದರು. ಒಂಬತ್ತಕ್ಕೂ ಒಂದೊಂದು ವೀರ್ಯಾಣು ಚುಚ್ಚಿ ಒಳಗೆ ಬಿಟ್ಟರು.

ಮಾರನೆಯ ದಿನ ಹತ್ತೂವರೆಗೆ ಫೋನ್ ಬಂತು. ನಾನು ಅಡುಗೆಮನೆಯಲ್ಲಿ ಹಿಟ್ಟು ಕಲೆಸುತ್ತಾ ಇದ್ದೆ. "ಒಂದೂ ಫರ್ಟಿಲೈಸ್ ಆಗಿಲ್ಲ ಮೇಡಂ" ಅಂದರು. ಅಷ್ಟೇ. ಏನು ಕೇಳಬೇಕು ಅಂತಲೂ ತೋಚಲಿಲ್ಲ. ಒಂದು ವಾರ ಬಿಟ್ಟು ಡಾಕ್ಟರನ್ನು ನೋಡಲು ಹೋದೆವು. ಐದು ನಿಮಿಷ ಮಾತಾಡಿದರು. ಚೀಟಿಯಲ್ಲಿ "ಕ್ಯಾಲ್ಸಿಯಂ ಅಯಾನೊಫೋರ್" ಅಂತ ಬರೆದು, ಮುಂದಿನ ಸಲ ಇದನ್ನು ಹಾಕಿ ನೋಡೋಣ ಅಂದರು. ಯಾಕೆ ಅಂತ ಹೇಳಲಿಲ್ಲ.

ಅತ್ತೆ ಆ ಚೀಟಿಯಲ್ಲಿ ಕ್ಯಾಲ್ಸಿಯಂ ಅನ್ನೋದನ್ನು ನೋಡಿ ಅವತ್ತಿನಿಂದ ದಿನಾ ರಾಗಿ ಗಂಜಿ, ಎರಡು ಲೋಟ ಹಾಲು, ಎಳ್ಳುಂಡೆ ಕೊಡುತ್ತಿದ್ದಾರೆ. ಪಾಪ, ಪ್ರೀತಿಯಿಂದ. ಆದರೆ ನನ್ನ ರಕ್ತದ ಕ್ಯಾಲ್ಸಿಯಂ 9.4 ಇದೆ, ನಾರ್ಮಲ್ ಅಂತಲೇ ರಿಪೋರ್ಟ್‌ನಲ್ಲಿದೆ. ಯಜಮಾನರ ಕೌಂಟ್, ಚಲನೆ ಎರಡೂ ಪರವಾಗಿಲ್ಲ ಅಂದಿದ್ದರು. ಹಾಗಾದರೆ ಯಾವ ಕ್ಯಾಲ್ಸಿಯಂ ಕಡಿಮೆ ಆಯಿತು? ಎಂಟು ವರ್ಷದಲ್ಲಿ ನಾನು ಸರಿಯಾಗಿ ತಿನ್ನದೇ ಇದ್ದದ್ದಕ್ಕೆ ಹೀಗಾಯಿತಾ? ಆ ಔಷಧಿಯಿಂದ ಮಗುವಿಗೆ ಏನಾದರೂ ತೊಂದರೆ ಆಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ. ನಾನು ಓದಿದ್ದು ಕಲಾ ವಿಭಾಗ. ಅರ್ಥ ಆಗೋ ಹಾಗೆ ಹೇಳಿದರೆ ಉಪಕಾರ.

ಪಿಯು ಬಯಾಲಜಿ ಮೇಷ್ಟ್ರು:

ತಂಗಿ, ಮೊದಲು ಧೈರ್ಯ ತಂದುಕೊಳ್ಳಿ. ಜೀವಕೋಶ ಒಂದರಿಂದ ಎರಡಾಗೋ ಕೆಲಸಕ್ಕೆ ಕೋಶಚಕ್ರ ಅನ್ನುತ್ತೇವೆ. ಬೆಳೆಯೋದು, ಡಿಎನ್ಎ ನಕಲು ಮಾಡೋದು, ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯೋದು, ಹೀಗೆ ಹಂತ ಹಂತವಾಗಿ ನಡೆಯುತ್ತದೆ. ಒಂದು ಹಂತದಿಂದ ಇನ್ನೊಂದಕ್ಕೆ ದಾಟಲು ಕ್ಯಾಲ್ಸಿಯಂ ಬೇಕು. ಅಂಡಾಣುವಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಅದು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ನುಗ್ಗೆಸೊಪ್ಪು, ರಾಗಿ ಬಿಡಬೇಡಿ. ಒಳ್ಳೆಯದಾಗುತ್ತದೆ.

ಲ್ಯಾಬ್‌ನವಳು, ಮೈಸೂರು:

ಟೀಚರ್, ನಾನು ಹನ್ನೊಂದು ವರ್ಷದಿಂದ ಐವಿಎಫ್ ಲ್ಯಾಬ್‌ನಲ್ಲಿ ಎಂಬ್ರಿಯಾಲಜಿಸ್ಟ್ ಆಗಿದ್ದೇನೆ. ಇಕ್ಸಿ ಮಾಡಿದ ಮಾರನೆಯ ದಿನ, 16ರಿಂದ 18 ಗಂಟೆ ಕಳೆದ ಮೇಲೆ, ಡಿಶ್ ತೆಗೆದು ಮೈಕ್ರೋಸ್ಕೋಪ್ ಕೆಳಗೆ ನೋಡೋರು ನಾವೇ. ಒಂದೊಂದು ಅಂಡಾಣುವಿನ ಒಳಗೂ ಎರಡು ಪುಟ್ಟ ಉಂಗುರ ಕಾಣಬೇಕು. ಒಂದು ತಾಯಿಯ ನ್ಯೂಕ್ಲಿಯಸ್, ಒಂದು ತಂದೆಯದು. ಒಂದರಲ್ಲೂ ಕಾಣದ ದಿನ ನನಗೆ ಫೋನ್ ಹತ್ತಿರ ಹೋಗೋಕೆ ಕಾಲೇ ಬರೋದಿಲ್ಲ. ನಿಮಗೆ ಒಂದು ವಾಕ್ಯದಲ್ಲಿ ಹೇಳಿ ಫೋನ್ ಇಟ್ಟರಲ್ಲ, ಅದು ತಪ್ಪು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನೀವು ತಿಂದದ್ದರಿಂದಲೂ ಅಲ್ಲ, ತಿನ್ನದೇ ಇದ್ದದ್ದರಿಂದಲೂ ಅಲ್ಲ. ಮೇಷ್ಟ್ರೇ, ಕ್ಷಮಿಸಿ, ನಿಮ್ಮ ಉತ್ತರದ ಮೊದಲ ಅರ್ಧ ಸರಿ, ಎರಡನೇ ಅರ್ಧ ಒಪ್ಪಲಾರೆ. ಅಂಡಾಣುವಿನಲ್ಲಿ ಕ್ಯಾಲ್ಸಿಯಂಗೆ ಕೊರತೆ ಇರುವುದಿಲ್ಲ. ಅದರ ಒಳಗೇ ಸಣ್ಣ ಸಣ್ಣ ಚೀಲಗಳಲ್ಲಿ ಬೇಕಾದಷ್ಟು ತುಂಬಿಟ್ಟುಕೊಂಡಿರುತ್ತದೆ. ತೊಂದರೆ ಆಗಿದ್ದು ಆ ಚೀಲದ ಬಾಗಿಲು ತೆರೆಯುವ ಸಮಯಕ್ಕೆ.

ಯಾವ ಜೀವಕೋಶವಾದರೂ ತನ್ನ ಒಳಗಿನ ದ್ರವದಲ್ಲಿ ಕ್ಯಾಲ್ಸಿಯಂ ಉಳಿಯಲು ಬಿಡುವುದಿಲ್ಲ. ಜಾಸ್ತಿ ಆದರೆ ಫಾಸ್ಫೇಟ್ ಜೊತೆ ಸೇರಿ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಪಂಪ್ ಮಾಡಿ ಮಾಡಿ ಹೊರಗೆ ಹಾಕುತ್ತದೆ, ಇಲ್ಲವೇ ಚೀಲಕ್ಕೆ ತುಂಬುತ್ತದೆ. ಹೊರಗಿನ ದ್ರವದಲ್ಲಿ ಇರೋದಕ್ಕಿಂತ ಒಳಗೆ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಹೀಗೆ ಒಳಗೆ ಅಷ್ಟು ಕಡಿಮೆ ಇರುವುದರಿಂದಲೇ ಅದು ಸುದ್ದಿ ಮುಟ್ಟಿಸುವ ಕೆಲಸಕ್ಕೆ ಬರುತ್ತದೆ. ಊರೆಲ್ಲ ಮಲಗಿದ ಹೊತ್ತಿನಲ್ಲಿ ಒಂದು ನಾಯಿ ಬೊಗಳಿದರೂ ಎಲ್ಲರಿಗೂ ಕೇಳಿಸುತ್ತದೆ, ಅಲ್ವಾ? ಹಾಗೆ ಚೀಲದ ಬಾಗಿಲು ತೆರೆದು ಸ್ವಲ್ಪ ಕ್ಯಾಲ್ಸಿಯಂ ಹೊರಗೆ ಬಂದರೂ ಕೋಶವಿಡೀ ಎಚ್ಚರಾಗುತ್ತದೆ.

ಇನ್ನು ನಿಮ್ಮ ಅಂಡಾಣು. "ಬಲಿತಿದೆ" ಅಂದರೆ ನಮ್ಮ ಲ್ಯಾಬ್ ಭಾಷೆಯಲ್ಲಿ ಅದು ಕೋಶಚಕ್ರದ ಮಧ್ಯದಲ್ಲಿ ನಿಂತಿದೆ ಅಂತ. ಕ್ರೋಮೋಸೋಮ್‌ಗಳು ನಡುವೆ ಸಾಲಾಗಿ ನಿಂತಿವೆ, ಎರಡು ಕಡೆಯಿಂದ ಹಗ್ಗ ಕಟ್ಟಿದೆ, ಆದರೆ ಎಳೆಯುವವರಿಲ್ಲ. ಎರಡನೇ ಮೆಟಾಫೇಸ್ ಅನ್ನುತ್ತೇವೆ. ವೀರ್ಯಾಣು ಬರುವವರೆಗೂ ಅದು ಅಲ್ಲಿಂದ ಕದಲಬಾರದು. ಕದಲಿದರೆ ತಂದೆಯಿಲ್ಲದೆ ಬೆಳೆಯಲು ಹೊರಟ ಹಾಗೆ. ಆದ್ದರಿಂದ ಗಟ್ಟಿಯಾದ ಬ್ರೇಕ್ ಹಾಕಿಕೊಂಡಿರುತ್ತದೆ.

ಈ ಬ್ರೇಕ್ ಹುಡುಕಿದ ಕಥೆ ನನಗೆ ತುಂಬಾ ಇಷ್ಟ. 1971ರಲ್ಲಿ ಯೋಶಿಯೊ ಮಸುಯಿ ಮತ್ತು ಕ್ಲೆಮೆಂಟ್ ಮಾರ್ಕರ್ಟ್ ಒಂದು ಪ್ರಯೋಗ ಮಾಡಿದರು. ಕಪ್ಪೆಯ ಬಲಿತ ಮೊಟ್ಟೆಯ ಒಳಗಿನ ದ್ರವವನ್ನು ಸ್ವಲ್ಪ ತೆಗೆದರು. ಎರಡು ಕೋಶದ ಭ್ರೂಣದಲ್ಲಿ ಒಂದು ಕೋಶಕ್ಕೆ ಮಾತ್ರ ಚುಚ್ಚಿದರು. ಚುಚ್ಚಿದ ಕೋಶ ಮೆಟಾಫೇಸ್‌ನಲ್ಲೇ ನಿಂತಿತು. ಪಕ್ಕದ ಕೋಶ ಏನೂ ಆಗದ ಹಾಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಾ ಹೋಯಿತು. ಅಂದರೆ ಆ ದ್ರವದಲ್ಲಿ ನಿಲ್ಲಿಸುವ ವಸ್ತು ಏನೋ ಇದೆ ಅಂತ ತಿಳಿಯಿತು. ಅದರಲ್ಲಿ ಮುಖ್ಯವಾದ ಪ್ರೋಟೀನ್ ಎಮಿ2 ಅಂತ ಗೊತ್ತಾಗಿದ್ದು 2005ರಲ್ಲಿ. 34 ವರ್ಷ ಹಿಡಿಯಿತು.

ಎಮಿ2 ಏನು ಮಾಡುತ್ತದೆ? ಕೋಶದಲ್ಲಿ ಎಪಿಸಿ ಅನ್ನೋ ದೊಡ್ಡ ಯಂತ್ರ ಇದೆ. ಸೈಕ್ಲಿನ್ ಬಿ ಅನ್ನೋ ಪ್ರೋಟೀನಿಗೆ "ಇದನ್ನು ನಾಶ ಮಾಡಿ" ಅಂತ ಗುರುತು ಹಾಕೋದು ಅದರ ಕೆಲಸ. ಸೈಕ್ಲಿನ್ ಬಿ ಇರುವಷ್ಟು ಹೊತ್ತು ಕೋಶ ಮೆಟಾಫೇಸ್‌ನಲ್ಲೇ ಇರುತ್ತದೆ. ಎಮಿ2 ಆ ಯಂತ್ರದ ಕೈ ಹಿಡಿದುಕೊಂಡಿರುತ್ತದೆ.

ಈಗ ವೀರ್ಯಾಣು ಒಳಗೆ ಬಂತು ಅನ್ನಿ. ಅದು ತರೋದು ತಂದೆಯ ಡಿಎನ್ಎ ಒಂದೇ ಅಲ್ಲ, ಪಿಎಲ್‌ಸಿ ಝೀಟಾ ಅನ್ನೋ ಕಿಣ್ವವನ್ನೂ ತರುತ್ತದೆ. ಇದನ್ನು 2002ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ತಂಡ ಗುರುತಿಸಿತು. ಈ ಕಿಣ್ವ ಐಪಿ3 ಅನ್ನೋ ಸಣ್ಣ ಅಣುವನ್ನು ಮಾಡುತ್ತದೆ. ಐಪಿ3 ಹೋಗಿ ಚೀಲದ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ಹೊರಗೆ ನುಗ್ಗಿ ಕ್ಯಾಲ್‌ಮಾಡುಲಿನ್ ಅನ್ನೋ ಪ್ರೋಟೀನನ್ನು ಹಿಡಿಯುತ್ತದೆ. ಅವೆರಡೂ ಸೇರಿ ಕ್ಯಾಮ್‌ಕೈನೇಸ್-2 ಅನ್ನೋ ಕಿಣ್ವವನ್ನು ಎಬ್ಬಿಸುತ್ತವೆ. ಅದು ಎಮಿ2 ಮೇಲೆ ಫಾಸ್ಫೇಟ್ ಗುರುತು ಹಾಕುತ್ತದೆ, ಎಮಿ2 ನಾಶವಾಗುತ್ತದೆ. ಎಪಿಸಿಯ ಕೈ ಬಿಡುಗಡೆಯಾಗುತ್ತದೆ, ಸೈಕ್ಲಿನ್ ಬಿ ಕರಗುತ್ತದೆ, ಕ್ರೋಮೋಸೋಮ್‌ಗಳು ಬೇರೆಯಾಗುತ್ತವೆ. ಆಮೇಲೆ ಆ ಎರಡು ಉಂಗುರ.

ಇದರಲ್ಲಿ ಕ್ಯಾಮ್‌ಕೈನೇಸ್-2 ಎಷ್ಟು ಮುಖ್ಯ ಅಂದರೆ, ಅಂಡಾಣುವಿಗೆ ಬೇಕಾದ ಆ ಬಗೆಯ ಕೈನೇಸ್ ಇಲ್ಲದ ಹೆಣ್ಣಿಲಿಗಳನ್ನು ಬೆಳೆಸಿ ನೋಡಿದ್ದಾರೆ. ಅವುಗಳ ಅಂಡಾಣುವಿಗೆ ವೀರ್ಯಾಣು ಸೇರಿದರೆ ಕ್ಯಾಲ್ಸಿಯಂ ಅಲೆ ಚೆನ್ನಾಗಿಯೇ ಏಳುತ್ತದೆ. ಆದರೆ ಚಕ್ರ ಮುಂದೆ ಹೋಗುವುದಿಲ್ಲ. ಬಾಗಿಲು ಬಡಿದರೂ ಒಳಗೆ ಕೇಳಿಸಿಕೊಳ್ಳೋರಿಲ್ಲ.

ಈ ಅಲೆಯನ್ನು ಮೊದಲು ಕಣ್ಣಾರೆ ಕಂಡಿದ್ದು ಮೀನಿನ ಮೊಟ್ಟೆಯಲ್ಲಿ. ಒಸಾಮು ಶಿಮೊಮುರಾ ಅನ್ನೋ ಜಪಾನಿ ವಿಜ್ಞಾನಿ 1961ರಲ್ಲಿ ಅಮೆರಿಕದ ಫ್ರೈಡೇ ಹಾರ್ಬರ್‌ನಲ್ಲಿ ಲೋಳೆಮೀನುಗಳಿಂದ ಹೊಳೆಯುವ ವಸ್ತು ತೆಗೆಯಲು ಒದ್ದಾಡುತ್ತಿದ್ದರು. ಒಂದು ದಿನ ಕೆಲಸ ಮುಗಿಸಿ ಉಳಿದ ರಸವನ್ನು ಸಿಂಕಿಗೆ ಚೆಲ್ಲಿದರು. ಸಿಂಕ್ ನೀಲಿಯಾಗಿ ಝಗ್ ಅಂತ ಬೆಳಗಿತು. ಸಿಂಕಿನಲ್ಲಿ ಸಮುದ್ರದ ನೀರಿತ್ತು, ಅದರಲ್ಲಿ ಕ್ಯಾಲ್ಸಿಯಂ ಇತ್ತು. ಹೀಗೆ ಸಿಕ್ಕಿದ್ದು ಈಕ್ವೋರಿನ್, ಕ್ಯಾಲ್ಸಿಯಂ ತಾಗಿದರೆ ಹೊಳೆಯುವ ಪ್ರೋಟೀನ್. 1977-78ರಲ್ಲಿ ಇದನ್ನು ಮೆಡಕಾ ಅನ್ನೋ ಪುಟ್ಟ ಮೀನಿನ ಮೊಟ್ಟೆಗೆ ಹಾಕಿ ನೋಡಿದರು. ವೀರ್ಯಾಣು ಸೇರಿದ ತುದಿಯಿಂದ ಬೆಳಕಿನ ಪಟ್ಟಿಯೊಂದು ಎದ್ದು ಮೊಟ್ಟೆಯ ಮೇಲೆ ಹರಿದು ಇನ್ನೊಂದು ತುದಿಗೆ ಹೋಯಿತು. ಎಂ.ಎಸ್ಸಿ.ಯಲ್ಲಿ ನಮ್ಮ ಮೇಡಂ ಈ ಥರದ ವಿಡಿಯೋ ತೋರಿಸಿದ ದಿನವೇ ನಾನು ಈ ಕೆಲಸಕ್ಕೆ ಬರಬೇಕು ಅಂತ ನಿರ್ಧಾರ ಮಾಡಿದ್ದು.

ಮೀನು, ಕಪ್ಪೆಗೆ ಒಂದೇ ಅಲೆ ಸಾಕು. ನಮಗೆ, ಇಲಿಗಳಿಗೆ ಅದು ಮತ್ತೆ ಮತ್ತೆ ಏಳುತ್ತದೆ. ಇಲಿಯಲ್ಲಿ ಸುಮಾರು ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ, ಗಂಟೆಗಟ್ಟಲೆ. ಆ ಉಂಗುರಗಳು ಮೂಡುವ ಹೊತ್ತಿಗೆ ನಿಲ್ಲುತ್ತದೆ.

ನಿಮ್ಮ ಚೀಟಿಯಲ್ಲಿರೋ ಅಯಾನೊಫೋರ್ ಮಾತ್ರೆಯಲ್ಲ, ನಿಮ್ಮ ದೇಹಕ್ಕೆ ಕೊಡೋದಲ್ಲ. ವೀರ್ಯಾಣು ಚುಚ್ಚಿದ ಮೇಲೆ ನಾವು ಅಂಡಾಣುವನ್ನು ಆ ದ್ರಾವಣದ ಹನಿಯಲ್ಲಿ ಹತ್ತು ಹದಿನೈದು ನಿಮಿಷ ಇಡುತ್ತೇವೆ. ಆಮೇಲೆ ಎರಡು ಮೂರು ಸಲ ತೊಳೆದು ಇನ್‌ಕ್ಯುಬೇಟರಿಗೆ ವಾಪಸ್. ಅದು ಪೊರೆಯಲ್ಲಿ ಸೇರಿಕೊಂಡು ಕ್ಯಾಲ್ಸಿಯಂ ಅನ್ನು ದಾಟಿಸುತ್ತದೆ. ವೀರ್ಯಾಣು ಬಡಿಯಬೇಕಿದ್ದ ಬಾಗಿಲನ್ನು ನಾವು ಬಡಿಯುತ್ತೇವೆ. ಅತ್ತೆಯವರ ಎಳ್ಳುಂಡೆ ತಿನ್ನಿ, ರುಚಿಗೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಅವರಿಗೆ ಮೆಲ್ಲಗೆ ಹೇಳಿ.

ಪಿಯು ಬಯಾಲಜಿ ಮೇಷ್ಟ್ರು:

ಒಪ್ಪಿದೆ ಮೇಡಂ. ನಮ್ಮ ಪುಸ್ತಕದಲ್ಲಿ ಸೈಕ್ಲಿನ್ ಇದೆ, ಫಲೀಕರಣ ಇದೆ, ಎರಡೂ ಬೇರೆ ಬೇರೆ ಪಾಠ. ನಡುವೆ ಕ್ಯಾಲ್ಸಿಯಂ ಇದೆ ಅಂತ ನಾನು ಜೋಡಿಸಿಯೇ ನೋಡಿರಲಿಲ್ಲ. ನಾಳೆ ಕ್ಲಾಸಿನಲ್ಲಿ ಮಸುಯಿಯ ಪ್ರಯೋಗ ಹೇಳುತ್ತೇನೆ. ತಂಗಿ, ನುಗ್ಗೆಸೊಪ್ಪಿನ ಮಾತು ವಾಪಸ್ ತೆಗೆದುಕೊಂಡೆ.

ಚನ್ನಗಿರಿ ಟೀಚರ್:

ಅಕ್ಕ, ಎರಡು ಸಲ ಓದಿದೆ. ಯಜಮಾನರಿಗೂ ಓದಿ ಹೇಳಿದೆ. ನಾನು ಎಂಟು ವರ್ಷದಿಂದ ಏನೇನು ತಿಂದೆ, ತಿನ್ನಲಿಲ್ಲ ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಅದನ್ನು ಬಿಟ್ಟೆ.

ಆದರೆ ಈಗ ಇವರು ಸುಮ್ನೆ ಕೂತಿದ್ದಾರೆ. "ಹಾಗಾದರೆ ನನ್ನಿಂದ ತಾನೆ?" ಅನ್ನುತ್ತಿದ್ದಾರೆ. ಬಡಿಯಬೇಕಾದವನು ಬಡಿದಿಲ್ಲ ಅಂದರೆ ಇವರದ್ದೇ ದೋಷವಾ? ಇನ್ನೊಂದು, ನಮಗೆ ಮತ್ತೆ ಮತ್ತೆ ಅಲೆ ಏಳಬೇಕು ಅಂದಿರಿ. ಆ ದ್ರಾವಣ ಒಂದೇ ಸಲ ಬಡಿದರೆ ಸಾಕಾಗುತ್ತದಾ?

ಲ್ಯಾಬ್‌ನವಳು, ಮೈಸೂರು:

ನಿಮ್ಮ ಎರಡನೇ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿಕೊಂಡಿದ್ದಾರೆ. ಇಲಿಯ ಅಂಡಾಣುವಿಗೆ ಲೆಕ್ಕ ಹಾಕಿ ಕ್ಯಾಲ್ಸಿಯಂ ಬಡಿತ ಕೊಟ್ಟು ನೋಡಿದ್ದಾರೆ. ಮೊದಲ ಕೆಲಸಗಳು ಶುರುವಾಗಲು ಕೆಲವೇ ಬಡಿತ ಸಾಕು, ಕೊನೆಯ ಕೆಲಸಗಳು ಮುಗಿಯಲು ಜಾಸ್ತಿ ಬೇಕು. ಅಯಾನೊಫೋರ್ ಕೊಡೋದು ಒಂದು ದೊಡ್ಡ ಬಡಿತ. ಸಹಜವಾದ ಹಾಗೆ ಇಲ್ಲ. ಆದರೂ ಅನೇಕ ಅಂಡಾಣುಗಳು ಅದರಿಂದಲೇ ಬ್ರೇಕ್ ಬಿಡುತ್ತವೆ, ಮಕ್ಕಳೂ ಹುಟ್ಟಿದ್ದಾರೆ. ಇದುವರೆಗೆ ಆ ಮಕ್ಕಳನ್ನು ನೋಡಿದ ಅಧ್ಯಯನಗಳಲ್ಲಿ ಹುಟ್ಟು ದೋಷ ಜಾಸ್ತಿ ಅಂತ ಕಂಡುಬಂದಿಲ್ಲ. ಆದರೆ ನೋಡಿದ ಮಕ್ಕಳ ಸಂಖ್ಯೆ ಚಿಕ್ಕದು. ಅದಕ್ಕೇ ಇದನ್ನು ಎಲ್ಲರಿಗೂ ಹಾಕಬಾರದು. ಯುರೋಪಿನ ತಜ್ಞರ ಸಂಘ ಎಶ್ರೆ 2023ರಲ್ಲಿ ಹೇಳಿದ್ದೂ ಇದನ್ನೇ: ಒಂದೂ ಫಲಿಸದೇ ಇದ್ದಾಗ, 30 ಶೇಕಡಕ್ಕಿಂತ ಕಡಿಮೆ ಫಲಿಸಿದಾಗ, ಇಲ್ಲವೇ ವೀರ್ಯಾಣುವಿನ ತಲೆ ಉಂಡೆಯಾಗಿದ್ದಾಗ ಮಾತ್ರ. ಸಾಮಾನ್ಯವಾಗಿ ಇಕ್ಸಿಯಲ್ಲಿ ನೂರಕ್ಕೆ ಸುಮಾರು 70 ಫಲಿಸುತ್ತವೆ. ನಿಮಗೆ ಒಂಬತ್ತಕ್ಕೆ ಸೊನ್ನೆ. ಹಾಗಾಗಿ ನಿಮ್ಮ ಡಾಕ್ಟರ್ ಹೇಳಿದ್ದು ಸರಿಯಾದ ದಾರಿಯೇ. ಬಿಡಿಸಿ ಹೇಳಬೇಕಿತ್ತು ಅಷ್ಟೇ.

ಯಜಮಾನರ ವಿಷಯ. ಉಂಡೆ ತಲೆಯ ವೀರ್ಯಾಣುವಿನಲ್ಲಿ ಪಿಎಲ್‌ಸಿ ಝೀಟಾ ಇರೋದೇ ಇಲ್ಲ ಅಥವಾ ತೀರಾ ಕಡಿಮೆ. ಅದು ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ, ಇದ್ದಿದ್ದರೆ ರಿಪೋರ್ಟ್‌ನಲ್ಲಿ ಬರೆದಿರುತ್ತಿದ್ದರು. ತಲೆ ಚೆನ್ನಾಗಿದ್ದೂ ಕಿಣ್ವದಲ್ಲಿ ದೋಷ ಇರಬಹುದು. ಕೌಂಟ್, ಚಲನೆ ನೋಡಿದರೆ ಅದು ಗೊತ್ತಾಗುವುದಿಲ್ಲ.

ಆದರೆ ಕಾರಣ ಅಂಡಾಣುವಿನ ಕಡೆಯೂ ಇರಬಹುದು. ಕ್ಯಾಮ್‌ಕೈನೇಸ್-2 ಎಮಿ2 ಒಂದನ್ನೇ ಮುಟ್ಟೋದಲ್ಲ, ವೀ2 ಅನ್ನೋ ಇನ್ನೊಂದು ಪ್ರೋಟೀನನ್ನೂ ಎಬ್ಬಿಸುತ್ತದೆ. ಸೈಕ್ಲಿನ್ ಬಿಯ ಜೊತೆಗಾರ ಸಿಡಿಕೆ1ನ ಬಾಯಿ ಮುಚ್ಚಿಸೋದು ಅದರ ಕೆಲಸ. ಕೆಲವು ಹೆಂಗಸರಲ್ಲಿ ವೀ2 ಜೀನ್ ಕೆಟ್ಟಿರುತ್ತದೆ, 2018ರಲ್ಲಿ ಇದು ಗೊತ್ತಾಯಿತು. ಅಂಥವರಿಗೆ ಅಯಾನೊಫೋರ್ ಹಾಕಿದರೂ ಉಪಯೋಗ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಕ್ಯಾಲ್ಸಿಯಂ ಬಂದ ಮೇಲಿನ ಕೊಂಡಿ ಕಳಚಿದೆ. ಇದು ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಯಾರ ಕಡೆಯಿಂದ ಅಂತ ಈಗಲೇ ತೀರ್ಮಾನ ಮಾಡಬೇಡಿ ಅಂತ ಹೇಳಲು ಹೇಳಿದೆ. ಅವರಿಗೂ ಇದನ್ನು ಓದಿ.

ಅಣ್ಣನಿಗೆ ಕಿಡ್ನಿ ಕೊಟ್ಟವನು:

ಟೀಚರ್, ನಿಮ್ಮ ಥ್ರೆಡ್‌ನಲ್ಲಿ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಣ್ಣ ಮೂರು ವರ್ಷದಿಂದ ಟ್ಯಾಕ್ರೋಲಿಮಸ್ ತಗೋತಾ ಇದ್ದಾನೆ, ನಾನು ಕೊಟ್ಟ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲಿ ಅಂತ ಕೊಡೋ ಮಾತ್ರೆ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಅದರ ಬಗ್ಗೆ ಓದುವಾಗ "ಕ್ಯಾಲ್ಸಿನ್ಯೂರಿನ್ ತಡೆ" ಅಂತ ಇತ್ತು. ಅದೂ ಇದೇ ಕ್ಯಾಲ್ಸಿಯಂ ಸುದ್ದಿಯಾ?

ಬೆಂಗಳೂರಿನ ಪಿಎಚ್‌ಡಿ ವಿದ್ಯಾರ್ಥಿ:

ಹೌದು, ಅದೇ. ಕೆಲಸ ಮಾತ್ರ ಬೇರೆ ಕಡೆ. ಟಿ ಕೋಶ ಅನ್ನೋ ಬಿಳಿ ರಕ್ತಕೋಶ ಸಾಮಾನ್ಯವಾಗಿ ಕೋಶಚಕ್ರದಿಂದ ಹೊರಗೆ ಸುಮ್ನೆ ಮಲಗಿರುತ್ತದೆ. ಪರಕೀಯ ಕಿಡ್ನಿ ಕಂಡರೆ ಅದರ ಒಳಗೆ ಕ್ಯಾಲ್ಸಿಯಂ ಏರುತ್ತದೆ. ಅಂಡಾಣುವಿನಂತೆ ಒಂದೊಂದು ಬಡಿತ ಸಾಲದು, ಗಂಟೆಗಟ್ಟಲೆ ಏರಿಯೇ ಇರಬೇಕು. ಅದಕ್ಕಾಗಿ ಹೊರಗಿನ ಪೊರೆಯ ಬಾಗಿಲೂ ತೆರೆಯುತ್ತದೆ. ಕ್ಯಾಲ್ಸಿಯಂ ಕ್ಯಾಲ್ಸಿನ್ಯೂರಿನ್ ಅನ್ನೋ ಕಿಣ್ವವನ್ನು ಎಬ್ಬಿಸುತ್ತದೆ. ಅದು ಎನ್‌ಫ್ಯಾಟ್ ಅನ್ನೋ ಪ್ರೋಟೀನಿನ ಫಾಸ್ಫೇಟ್ ಕಿತ್ತು ನ್ಯೂಕ್ಲಿಯಸ್ ಒಳಗೆ ಕಳಿಸುತ್ತದೆ. ಆಮೇಲೆ ಕೋಶಕ್ಕೆ ಬೆಳೆಯಲು ಹೇಳುವ ಐಎಲ್-2 ಅನ್ನೋ ಪ್ರೋಟೀನ್ ತಯಾರಾಗುತ್ತದೆ, ಮಲಗಿದ್ದ ಕೋಶ ಚಕ್ರದೊಳಗೆ ಬಂದು ಒಂದು ಎರಡಾಗಿ, ಎರಡು ನಾಲ್ಕಾಗಿ ಸೈನ್ಯ ಕಟ್ಟುತ್ತದೆ. ನಿಮ್ಮ ಅಣ್ಣನ ಮಾತ್ರೆ ಕ್ಯಾಲ್ಸಿನ್ಯೂರಿನ್ ಹತ್ತಿರವೇ ತಡೆಯುತ್ತದೆ. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಸಿಕ್ಕಿದ ಔಷಧಿ ಅದು. ಒಂದು ಹೊತ್ತೂ ತಪ್ಪಿಸಬೇಡಿ ಅಂತ ಡಾಕ್ಟರ್ ಹೇಳೋದು ಇದಕ್ಕೇ. ಸುದ್ದಿ ಮತ್ತೆ ಒಳಗೆ ಮುಟ್ಟಿದರೆ ಟಿ ಕೋಶ ಏಳುತ್ತದೆ.

ಟೀಚರ್, ನಿಮಗೆ ಒಂದು ಮಾತು. ಅಕ್ಕ ಹೇಳಿದ ಐಪಿ3 ಬಾಗಿಲಿನ ಮೇಲೆ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿ ಗೈತಿ ಹಸನ್ ಅವರು ಹಣ್ಣುನೊಣಗಳಲ್ಲಿ ದಶಕಗಳಿಂದ ಕೆಲಸ ಮಾಡಿದ್ದಾರೆ. ಆ ಬಾಗಿಲು ಕೆಟ್ಟ ನೊಣಗಳಿಗೆ ಸರಿಯಾಗಿ ಹಾರಲು ಬರುವುದಿಲ್ಲ. ನಿಮ್ಮ ಅಂಡಾಣುವಿನಲ್ಲಿ ಇರೋ ಅದೇ ಜಾತಿಯ ಬಾಗಿಲು.

ಲ್ಯಾಬ್‌ನವಳು, ಮೈಸೂರು:

ಟೀಚರ್, ಅಂಡಾಣು ತೆಗೆದ ದಿನ ನಿಮಗೆ ಡ್ರಿಪ್ ಹಾಕಿರುತ್ತಾರೆ. ಬಾಟಲಿ ಮೇಲೆ ರಿಂಗರ್ ಲ್ಯಾಕ್ಟೇಟ್ ಅಂತ ಇರುತ್ತದೆ. ಆ ರಿಂಗರ್ ಒಬ್ಬ ಡಾಕ್ಟರ್, ಸಿಡ್ನಿ ರಿಂಗರ್. ಲಂಡನ್ನಿನಲ್ಲಿ 1882ರ ಸುಮಾರಿಗೆ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಬಡಿಸುತ್ತಿದ್ದರು. ಒಂದು ನೀರಿನಲ್ಲಿ ಬಡಿಯಿತು, ಇನ್ನೊಂದರಲ್ಲಿ ನಿಂತಿತು. ಹುಡುಕಿದರೆ, ಬಡಿದ ನೀರು ನಲ್ಲಿಯದು, ಅದರಲ್ಲಿ ಕ್ಯಾಲ್ಸಿಯಂ ಇತ್ತು. ನಿಂತದ್ದು ಬಟ್ಟಿ ಇಳಿಸಿದ ನೀರು. ಮೂಳೆಗಷ್ಟೇ ಅಂದುಕೊಂಡಿದ್ದ ಕ್ಯಾಲ್ಸಿಯಂ ಕೋಶಕ್ಕೆ ಸುದ್ದಿಯನ್ನೂ ಮುಟ್ಟಿಸುತ್ತದೆ ಅನ್ನೋ ಸುಳಿವು ಸಿಕ್ಕಿದ್ದು ಅಲ್ಲಿಂದ.

ಈಗ ಡಾಕ್ಟರ್ ಹತ್ತಿರ ಹೋದಾಗ ಒಂದು ಪ್ರಶ್ನೆ ಮರೆಯದೆ ಕೇಳಿ. "ಒಂಬತ್ತರಲ್ಲಿ ಎಷ್ಟಕ್ಕೆ ಎರಡನೇ ಪೋಲಾರ್ ಬಾಡಿ ಬಂದಿತ್ತು?" ಬಲಿತ ಅಂಡಾಣುವಿನ ಅಂಚಿನಲ್ಲಿ ಪೋಲಾರ್ ಬಾಡಿ ಅನ್ನೋ ಒಂದು ಸಣ್ಣ ಗುಳ್ಳೆ ಮೊದಲೇ ಇರುತ್ತದೆ. ಬ್ರೇಕ್ ಬಿಟ್ಟರೆ ಇನ್ನೊಂದು ಬರುತ್ತದೆ. ಎಲ್ಲದರಲ್ಲೂ ಒಂದೇ ಇದ್ದರೆ, ಸುದ್ದಿ ಮುಟ್ಟಿಲ್ಲ ಅಂತ ಅನುಮಾನ ಗಟ್ಟಿಯಾಗುತ್ತದೆ, ಅಯಾನೊಫೋರ್ ಹಾಕಲು ಕಾರಣ ಇದೆ. ಎರಡು ಬಂದೂ ಉಂಗುರ ಮೂಡದಿದ್ದರೆ ತೊಂದರೆ ಬೇರೆ ಕಡೆ ಹುಡುಕಬೇಕು. ಲ್ಯಾಬ್ ಶೀಟಿನಲ್ಲಿ ಇದನ್ನು ಬರೆದಿರುತ್ತಾರೆ. ಶೀಟಿನ ಪ್ರತಿ ಕೇಳಿ ತಗೊಳ್ಳಿ, ಅದು ನಿಮ್ಮ ಹಕ್ಕು.

ಚನ್ನಗಿರಿ ಟೀಚರ್:

ಅಕ್ಕ, ಬುಧವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಪ್ರಶ್ನೆಯನ್ನು ನನ್ನ ಪಾಠ ಟಿಪ್ಪಣಿಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಇವರೂ ಬರುತ್ತಾರೆ. ತಾವೇ ಕೇಳುತ್ತೇನೆ ಅಂದಿದ್ದಾರೆ. ಶೀಟ್ ಸಿಕ್ಕಿದ ದಿನ ಇಲ್ಲೇ ಬರೆಯುತ್ತೇನೆ.